ತಮಟೆಯ ಮುನಿವೆಂಕಟಪ್ಪನವರು ನಿಮಗೆ ಗೊತ್ತೇ?

ಮಕ್ಕಳೇ,

ರಜೆಗೆ ಊರಿಗೆ ಹೋದಾಗ ನೀವು ಇಳಿಯುವುದು ದೇವನಹಳ್ಳಿ ಹತ್ತಿರದ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ. ಅಜ್ಜಿ ಮನೆಗೆ ಹೊರಟ ಕಾರು ಯಲಹಂಕ, ಹೆಬ್ಬಾಳದ ಕಡೆ ತಿರುಗುತ್ತದೆ. ಅದೇ ಹೆದ್ದಾರಿಯಲ್ಲಿ ಉತ್ತರಕ್ಕೆ ಹೋದರೆ ಚಿಕ್ಕಬಳ್ಳಾಪುರ. ಆ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಭಾರತ ಸರ್ಕಾರ ಪದ್ಮಶ್ರೀ ಕೊಟ್ಟು ಗೌರವಿಸಿತು. ಅವರ ವಾದ್ಯ ತಮಟೆ.

ಯಲಹಂಕದಲ್ಲೋ ಆರ್.ಟಿ. ನಗರದಲ್ಲೋ ಗಣಪತಿ ಬಿಡುವ ಮೆರವಣಿಗೆ ನೋಡಿದ್ದರೆ ತಮಟೆಯ ಸದ್ದು ನೀವು ಕೇಳಿಯೇ ಇರುತ್ತೀರಿ. ದುಂಡನೆಯ ಬಳೆಗೆ ಒಂದೇ ಕಡೆ ಚರ್ಮ ಬಿಗಿದ ವಾದ್ಯವಿದು. ಹೆಗಲಿಗೆ ನೇತುಹಾಕಿಕೊಂಡು, ಒಂದು ಕೈಯಲ್ಲಿ ಗಿಡ್ಡ ಕೋಲು, ಇನ್ನೊಂದು ಕೈಯಲ್ಲಿ ತೆಳ್ಳನೆಯ ಉದ್ದ ಕಡ್ಡಿ ಹಿಡಿದು ಬಾರಿಸುತ್ತಾರೆ. ಕುಣಿತ ಶುರುವಾಗುವ ಮೊದಲು ಕಲಾವಿದರು ಹುಲ್ಲು, ಕಾಗದ ಗುಡ್ಡೆ ಹಾಕಿ ಬೆಂಕಿ ಹೊತ್ತಿಸಿ, ತಮಟೆಯನ್ನು ಅದರ ಮುಂದೆ ತಿರುಗಿಸುತ್ತಾ ಕಾಯಿಸುತ್ತಾರೆ. ಬಿಸಿಗೆ ಚರ್ಮ ಬಿಗಿಯಾಗುತ್ತದೆ. ಬೆರಳಲ್ಲಿ ತಟ್ಟಿ ನೋಡುತ್ತಾರೆ. ಸದ್ದು ಮಂಕಾಗಿದ್ದರೆ ಮತ್ತೆ ಬೆಂಕಿಯ ಹತ್ತಿರ. ಈಗ ಫೈಬರ್ ಹಾಳೆಯ ತಮಟೆಗಳೂ ಬಂದಿವೆ, ಅವನ್ನು ಕಾಯಿಸಬೇಕಿಲ್ಲ.

ಈ ವಾದ್ಯದ ಹಿಂದೆ ನೋವಿನ ಚರಿತ್ರೆಯಿದೆ, ಅದೂ ನಿಮಗೆ ತಿಳಿದಿರಬೇಕು. ತಮಟೆ ಬಾರಿಸುವುದು ದಲಿತ ಕುಟುಂಬಗಳ ಮೇಲೆ ಊರು ಹೇರಿದ್ದ ಚಾಕರಿಯಾಗಿತ್ತು. ಹಬ್ಬಕ್ಕೆ, ಸಾವಿಗೆ, ಡಂಗುರ ಸಾರುವುದಕ್ಕೆ ಅವರು ಬೇಕು. ಆದರೆ ಅವರಿಗೆ ಗುಡಿಯೊಳಗೆ ಪ್ರವೇಶವಿರಲಿಲ್ಲ. ಈ ಅವಮಾನ ಸಹಿಸದೆ ಎಷ್ಟೋ ಜನ ತಮಟೆಯನ್ನು ಕೆಳಗಿಟ್ಟರು. ಅವರು ಮಾಡಿದ್ದು ಸರಿಯಾಗಿಯೇ ಇತ್ತು. ಇನ್ನು ಕೆಲವರು ಅದೇ ತಮಟೆಯನ್ನು ಹೋರಾಟದ ಮೆರವಣಿಗೆಗಳಿಗೆ ತಂದು, ಹಕ್ಕು ಕೇಳುವ ದನಿಯಾಗಿಸಿದರು.

ಮುನಿವೆಂಕಟಪ್ಪನವರು ದಲಿತ ಸಮುದಾಯದವರೇ. 16ರ ಹರೆಯದಲ್ಲೇ ತಮಟೆ ಹಿಡಿದ ಅವರಿಗೆ ಪದ್ಮಶ್ರೀ ಬಂದಾಗ ವಯಸ್ಸು ಎಪ್ಪತ್ತು ದಾಟಿತ್ತು. ಅಷ್ಟು ವರ್ಷವೂ ಬಾರಿಸುತ್ತಲೇ ಬಂದರು, ತಮಟೆಯನ್ನು ಉಳಿಸಿ ಬೆಳೆಸಲು ದುಡಿದರು. ಒಂದು ಕಾಲಕ್ಕೆ ಊರಾಚೆ ನಿಲ್ಲಿಸಿದ್ದ ವಾದ್ಯಕ್ಕೆ ರಾಷ್ಟ್ರಪತಿಯವರ ಕೈಯಿಂದ ಸಂದ ಗೌರವವದು.

ಜನರ ಕಲೆಯನ್ನು ಉಳಿಸುವ ಇಂಥ ಕೆಲಸ ಪಕ್ಕದ ಕೋಲಾರದಲ್ಲೂ ನಡೆದಿದೆ. ಕೋಟಿಗಾನಹಳ್ಳಿ ರಾಮಯ್ಯನವರು ಗೆಳೆಯರ ಜೊತೆ ಸೇರಿ ತೇರಹಳ್ಳಿ ಬೆಟ್ಟದ ಮೇಲೆ 'ಆದಿಮ' ಎಂಬ ಸಾಂಸ್ಕೃತಿಕ ಕೇಂದ್ರ ಕಟ್ಟಿದರು. ಅಲ್ಲಿ ಹುಣ್ಣಿಮೆಯ ರಾತ್ರಿಗಳಲ್ಲಿ 'ಹುಣ್ಣಿಮೆ ಹಾಡು' ನಡೆಸಿ, ಹಾಡು ನಾಟಕಗಳಿಗೆ ಬಯಲನ್ನೇ ರಂಗವಾಗಿಸಿದರು.

ಆದರೂ ತಂಡ ಉಳಿಸುವುದು ಸುಲಭವಿಲ್ಲ. ತಮಟೆ ಗುಂಪಿನ ಕಲೆ. ಕೆಲಸಕ್ಕೆಂದು ಇಬ್ಬರು ಬೆಂಗಳೂರಿಗೆ ಹೊರಟುಬಿಟ್ಟರೆ ಉಳಿದವರ ಹೆಜ್ಜೆಯೂ ತಾಳವೂ ಹೊಂದುವುದಿಲ್ಲ. ಮೆರವಣಿಗೆಗೆ ಡಿ.ಜೆ. ಬಂದರೆ ಕರೆಯೂ ಕಡಿಮೆ. 'ಡೊಳ್ಳು' ಚಿತ್ರ ಹೇಳುವುದೂ ಹೀಗೆ ಚದುರಿಹೋಗುವ, ಡೊಳ್ಳು ಎಂಬ ಇನ್ನೊಂದು ಚರ್ಮವಾದ್ಯ ಬಾರಿಸುವ ತಂಡದ ಕತೆಯನ್ನೇ. ಸಾಗರ್ ಪುರಾಣಿಕ್ ನಿರ್ದೇಶಿಸಿದ ಈ ಚಿತ್ರಕ್ಕೆ ಅತ್ಯುತ್ತಮ ಕನ್ನಡ ಚಿತ್ರ ರಾಷ್ಟ್ರಪ್ರಶಸ್ತಿ ಬಂದಿದೆ. ಅಪ್ಪ ಅಮ್ಮನ ಜೊತೆ ಕೂತು ನೋಡಿ.

ನಿಮ್ಮ ಶಾಲೆಯ ಬ್ಯಾಂಡ್‌ನಲ್ಲಿ ಡ್ರಮ್ ಬಾರಿಸುವವರಿದ್ದರೆ, ಒಬ್ಬರು ತಪ್ಪಿದರೂ ತಾಳ ಕೆಡುವುದು ಅವರಿಗೆ ಚೆನ್ನಾಗಿ ಗೊತ್ತು. ಮುಂದಿನ ಸಲ ಊರಿಗೆ ಹೋದಾಗ ತಮಟೆ ತಂಡ ಸಿಕ್ಕರೆ, ವಿಡಿಯೊ ಮಾಡಿ ಹೊರಟುಬಿಡಬೇಡಿ. ಅವರ ಹೆಸರು ಕೇಳಿ, ಒಂದು ಗತ್ತು, ಅಂದರೆ ಬಾರಿಸುವ ವರಸೆ, ತೋರಿಸಿಕೊಡಿ ಎನ್ನಿ. ನಮ್ಮ ಕನ್ನಡ ಕೂಟದ ದೊಡ್ಡವರಲ್ಲೂ ಒಂದು ಮಾತು: ರಾಜ್ಯೋತ್ಸವಕ್ಕೆ ತಮಟೆಯವರನ್ನು ಕರೆಸಿದರೆ ಅತಿಥಿಗಳ ಸಾಲಿನಲ್ಲೇ ಕೂರಿಸೋಣ, ಶಾಸ್ತ್ರೀಯ ಸಂಗೀತಗಾರರಿಗೆ ಕೊಡುವಷ್ಟೇ ಸಂಭಾವನೆ ಕೊಡೋಣ. ಕಲಿಯಬೇಕೆನ್ನುವ ಮಕ್ಕಳೂ ಕಲಾವಿದರಿಗೆ ಮರ್ಯಾದೆ ಕೊಡುವ ದೊಡ್ಡವರೂ ಇದ್ದರೆ ತಮಟೆ ಉಳಿಯುತ್ತದೆ.