ಎಫ್.ಎ. ಫೇಲಾದ ಲೆಕ್ಕದ ಗುಮಾಸ್ತ

ಡಿಸೆಂಬರ್ 22ರಂದು ದೇಶದಲ್ಲೆಲ್ಲ ರಾಷ್ಟ್ರೀಯ ಗಣಿತ ದಿನ ಆಚರಿಸುತ್ತಾರೆ. ಅದು ಶ್ರೀನಿವಾಸ ರಾಮಾನುಜನ್ ಅವರ ಹುಟ್ಟಿದ ದಿನ. ಅವರು ದೊಡ್ಡ ಗಣಿತಜ್ಞರು ಎಂದು ನಮಗೆಲ್ಲ ಗೊತ್ತು. ಆದರೆ ನಮ್ಮ ವಯಸ್ಸಿನ ಆಸುಪಾಸಿನಲ್ಲಿ ಅವರು ಪರೀಕ್ಷೆಯಲ್ಲಿ ಫೇಲ್ ಆಗಿದ್ದರು, ಅದೂ ಒಂದಕ್ಕಿಂತ ಹೆಚ್ಚು ಸಲ. ಆ ಪರೀಕ್ಷೆಯ ಹೆಸರು ಎಫ್.ಎ. ಮೆಟ್ರಿಕ್ಯುಲೇಷನ್ ಮುಗಿದ ಮೇಲೆ ಎರಡು ವರ್ಷ ಓದಿ ಬರೆಯುವ ಪರೀಕ್ಷೆ ಅದು. ಈಗಿನ ಲೆಕ್ಕದಲ್ಲಿ ಹೇಳುವುದಾದರೆ ನಮ್ಮ ಪಿಯುಸಿ. ಅದು ಪಾಸಾಗದೆ ಬಿ.ಎ.ಗೆ ಸೇರುವಂತಿರಲಿಲ್ಲ.

ರಾಮಾನುಜನ್ 1887ರಲ್ಲಿ ಈರೋಡಿನಲ್ಲಿ ಹುಟ್ಟಿದರು, ಬೆಳೆದದ್ದು ಕುಂಭಕೋಣದಲ್ಲಿ. ತಂದೆ ಒಂದು ಬಟ್ಟೆ ಅಂಗಡಿಯಲ್ಲಿ ಗುಮಾಸ್ತರು. ಮನೆಯಲ್ಲಿ ಹಣ ಕಡಿಮೆ. ಹುಡುಗ ಓದಿನಲ್ಲಿ ಮಾತ್ರ ಮುಂದೆ. 1904ರಲ್ಲಿ ಹೈಸ್ಕೂಲು ಮುಗಿಸುವಾಗ ಗಣಿತಕ್ಕೆ ಬಹುಮಾನ ಬಂತು. ಕುಂಭಕೋಣದ ಸರ್ಕಾರಿ ಕಾಲೇಜಿನಲ್ಲಿ ಸ್ಕಾಲರ್‌ಶಿಪ್ಪೂ ಸಿಕ್ಕಿತು.

ಅಷ್ಟರಲ್ಲಿ ಅವರ ಕೈಗೆ ಕಾರ್ ಎಂಬ ಇಂಗ್ಲಿಷ್ ಲೇಖಕರ ಗಣಿತದ ಪುಸ್ತಕ ಸಿಕ್ಕಿತ್ತು. ಅದರಲ್ಲಿ ಸುಮಾರು 5,000 ಸೂತ್ರಗಳಿದ್ದವು, ವಿವರಣೆ ಬಹಳ ಕಡಿಮೆ. ರಾಮಾನುಜನ್ ಒಂದೊಂದನ್ನೇ ತಾವೇ ಸಾಧಿಸುತ್ತ ಹೋದರು. ಹೊಸ ಸೂತ್ರಗಳನ್ನು ಕಂಡುಹಿಡಿದು ನೋಟ್‌ಬುಕ್‌ಗಳಲ್ಲಿ ಬರೆದಿಟ್ಟರು. ಗಣಿತ ಬಿಟ್ಟರೆ ಬೇರೆ ಯಾವ ವಿಷಯದ ಮೇಲೂ ಮನಸ್ಸು ನಿಲ್ಲಲಿಲ್ಲ. ಕಾಲೇಜಿನ ಪರೀಕ್ಷೆಯಲ್ಲಿ ಇಂಗ್ಲಿಷ್ ಪ್ರಬಂಧದಲ್ಲಿ ಫೇಲಾದರು, ಸ್ಕಾಲರ್‌ಶಿಪ್ ಹೋಯಿತು. ಮನೆಮಾತು ಉರ್ದು ಆಗಿರುವ ನಮ್ಮಂಥವರಿಗೆ ಇಂಗ್ಲಿಷ್ ಪ್ರಬಂಧದ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ. ಸ್ಕಾಲರ್‌ಶಿಪ್ ಇಲ್ಲದೆ ಫೀಸು ಕಟ್ಟುವ ಶಕ್ತಿ ಮನೆಯವರಿಗೆ ಇರಲಿಲ್ಲ. 1905ರಲ್ಲಿ ಅವರು ಯಾರಿಗೂ ಹೇಳದೆ ವಿಶಾಖಪಟ್ಟಣದ ಕಡೆಗೆ ಹೊರಟುಹೋದರು.

1906ರಲ್ಲಿ ಮದ್ರಾಸಿನ ಪಚ್ಚೈಯಪ್ಪ ಕಾಲೇಜಿಗೆ ಸೇರಿದರು. ಅಲ್ಲಿ ಶರೀರಶಾಸ್ತ್ರವನ್ನೂ ಓದಬೇಕಿತ್ತು, ಅದು ಅವರಿಗೆ ಒಗ್ಗಲಿಲ್ಲ. ನಡುವೆ ಕಾಯಿಲೆ ಬಿದ್ದರು. ಎಫ್.ಎ. ಪರೀಕ್ಷೆ ಬರೆದು ಫೇಲಾದರು. 1907ರಲ್ಲಿ ಖಾಸಗಿಯಾಗಿ ಮತ್ತೆ ಬರೆದರು, ಮತ್ತೆ ಫೇಲ್. ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿತು. 1909ರಲ್ಲಿ ಮದುವೆಯೂ ಆಯಿತು. ಪದವಿಯಿಲ್ಲ, ಕೆಲಸವಿಲ್ಲ, ಇದ್ದದ್ದು ಆ ನೋಟ್‌ಬುಕ್‌ಗಳು ಮಾತ್ರ.

ಮುಂದೆ ಅವರು ಮಾಡಿದ ಕೆಲಸವನ್ನು ನಾವು ಗಮನಿಸಬೇಕು. ನೋಟ್‌ಬುಕ್ ಹಿಡಿದುಕೊಂಡು, ಅದನ್ನು ಓದಿ ಅರ್ಥ ಮಾಡಿಕೊಳ್ಳಬಲ್ಲವರ ಬಳಿಗೆ ಹೋದರು. 1910ರಲ್ಲಿ ಭಾರತೀಯ ಗಣಿತ ಸಂಘದ ಸ್ಥಾಪಕರಾದ ರಾಮಸ್ವಾಮಿ ಅಯ್ಯರ್ ಅವರನ್ನು ತಿರುಕೋಯಿಲೂರಿನಲ್ಲಿ ಕಂಡರು. ಅಯ್ಯರ್ ಅಲ್ಲಿ ಡೆಪ್ಯುಟಿ ಕಲೆಕ್ಟರ್ ಆಗಿದ್ದರು. ರಾಮಾನುಜನ್ ಕೇಳಿದ್ದು ಒಂದು ಸಣ್ಣ ಗುಮಾಸ್ತಿಕೆ. ನೋಟ್‌ಬುಕ್ ನೋಡಿದ ಅಯ್ಯರ್, ಇಂಥವರನ್ನು ಕಂದಾಯ ಕಚೇರಿಯಲ್ಲಿ ಕೂರಿಸುವುದು ತಪ್ಪು ಎಂದುಕೊಂಡು, ಪತ್ರ ಕೊಟ್ಟು ಮದ್ರಾಸಿನ ಗಣಿತದ ಪರಿಚಿತರ ಬಳಿಗೆ ಕಳುಹಿಸಿದರು. ಹಾಗೆ ಒಬ್ಬರಿಂದ ಒಬ್ಬರಿಗೆ ಪರಿಚಯ ಬೆಳೆದು, ನೆಲ್ಲೂರಿನ ಕಲೆಕ್ಟರ್ ರಾಮಚಂದ್ರ ರಾವ್ ತಿಂಗಳಿಗೆ 25 ರೂಪಾಯಿ ಕೊಡಲು ಒಪ್ಪಿದರು. 1911ರಲ್ಲಿ ಗಣಿತ ಸಂಘದ ಪತ್ರಿಕೆಯಲ್ಲಿ ಅವರ ಮೊದಲ ದೊಡ್ಡ ಲೇಖನ ಅಚ್ಚಾಯಿತು.

ಕಾಮರ್ಸ್ ಓದುವ ನನಗೆ ಹೆಚ್ಚು ಇಷ್ಟವಾದ ಭಾಗ ಇದರ ನಂತರದ್ದು. 1912ರ ಫೆಬ್ರವರಿಯಲ್ಲಿ ರಾಮಾನುಜನ್ ಮದ್ರಾಸ್ ಪೋರ್ಟ್ ಟ್ರಸ್ಟ್‌ಗೆ ಕೆಲಸಕ್ಕೆ ಅರ್ಜಿ ಹಾಕಿದರು. ಮೆಟ್ರಿಕ್ಯುಲೇಷನ್ ಪಾಸಾಗಿದೆ, ಎಫ್.ಎ. ತನಕ ಓದಿದ್ದೇನೆ, ಸಂದರ್ಭ ಕೂಡಿಬಾರದೆ ಮುಂದೆ ಓದಲಾಗಲಿಲ್ಲ, ಈಗ ಪೂರ್ತಿ ಸಮಯ ಗಣಿತಕ್ಕೆ ಕೊಟ್ಟಿದ್ದೇನೆ ಎಂಬ ಅರ್ಥದಲ್ಲಿ ಬರೆದರು. ಜೊತೆಗೆ ಪ್ರೆಸಿಡೆನ್ಸಿ ಕಾಲೇಜಿನ ಗಣಿತ ಪ್ರಾಧ್ಯಾಪಕರ ಶಿಫಾರಸು ಇಟ್ಟರು. ಮಾರ್ಚ್ 1ರಿಂದ ಲೆಕ್ಕಪತ್ರ ವಿಭಾಗದಲ್ಲಿ ಗುಮಾಸ್ತರಾದರು. ಸಂಬಳ ತಿಂಗಳಿಗೆ 30 ರೂಪಾಯಿ. ಅದೇ ಕಚೇರಿಯ ಹಿರಿಯ ಅಧಿಕಾರಿ ನಾರಾಯಣ ಅಯ್ಯರ್ ಸ್ವತಃ ಗಣಿತ ಬಲ್ಲವರು. ಇಬ್ಬರೂ ಕೂತು ಲೆಕ್ಕ ಬಿಡಿಸುತ್ತಿದ್ದರು.

ಆ ಕಚೇರಿಯಲ್ಲಿದ್ದುಕೊಂಡೇ ರಾಮಾನುಜನ್ ಇಂಗ್ಲೆಂಡಿನ ಗಣಿತಜ್ಞರಿಗೆ ಪತ್ರ ಬರೆದರು. ಕೇಂಬ್ರಿಡ್ಜಿನ ಇಬ್ಬರು ದೊಡ್ಡವರಿಂದ ಏನೂ ನೆರವು ಸಿಗಲಿಲ್ಲ. 1913ರ ಜನವರಿಯಲ್ಲಿ ಕೇಂಬ್ರಿಡ್ಜಿನ ಟ್ರಿನಿಟಿ ಕಾಲೇಜಿನ ಜಿ.ಎಚ್. ಹಾರ್ಡಿ ಅವರಿಗೆ ಬರೆದರು. ತಾನು ಪೋರ್ಟ್ ಟ್ರಸ್ಟಿನ ಲೆಕ್ಕದ ಗುಮಾಸ್ತ, ವರ್ಷಕ್ಕೆ 20 ಪೌಂಡ್ ಸಂಬಳ, ವಿಶ್ವವಿದ್ಯಾಲಯದಲ್ಲಿ ಓದಿಲ್ಲ ಎಂಬುದನ್ನು ಮೊದಲಲ್ಲೇ ತಿಳಿಸಿ, ಮುಂದಿನ ಪುಟಗಳಲ್ಲಿ ತಾವು ಕಂಡುಹಿಡಿದ ಸೂತ್ರಗಳನ್ನು ಕೊಟ್ಟರು. ಹಾರ್ಡಿ ಮತ್ತು ಅವರ ಸಹೋದ್ಯೋಗಿ ಲಿಟ್ಲ್‌ವುಡ್ ಆ ಪುಟಗಳನ್ನು ಓದಿ ಬೆರಗಾದರು. ಇಂಗ್ಲಿಷ್ ಪ್ರಬಂಧದಲ್ಲಿ ಫೇಲಾದವರ ಇಂಗ್ಲಿಷ್ ಪತ್ರವೇ ಅವರನ್ನು ಕೇಂಬ್ರಿಡ್ಜಿಗೆ ಮುಟ್ಟಿಸಿತು.

ಆದರೆ ಮದ್ರಾಸಿನಲ್ಲಿ ಇನ್ನೊಂದು ತೊಡಕಿತ್ತು. ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿವೇತನ ಎಂ.ಎ. ಆದವರಿಗೆ ಮೀಸಲು. ಇವರಿಗೆ ಎಫ್.ಎ. ಕೂಡ ಇಲ್ಲ. ಹವಾಮಾನ ಇಲಾಖೆಯ ಮುಖ್ಯಸ್ಥರಾಗಿದ್ದ ಗಿಲ್ಬರ್ಟ್ ವಾಕರ್ ಇವರ ಪರವಾಗಿ ವಿಶ್ವವಿದ್ಯಾಲಯಕ್ಕೆ ಬರೆದರು. ನ್ಯಾಯಮೂರ್ತಿ ಸುಂದರಂ ಅಯ್ಯರ್ ಅವರು, ಸಂಶೋಧನೆಗೆ ಪ್ರೋತ್ಸಾಹ ಕೊಡುವುದು ವಿಶ್ವವಿದ್ಯಾಲಯದ ಕಾಯ್ದೆಯಲ್ಲೇ ಹೇಳಿರುವ ಕರ್ತವ್ಯ ಎಂದು ನೆನಪಿಸಿದರು. 1913ರ ಮೇ 1ರಿಂದ ಎರಡು ವರ್ಷಕ್ಕೆ, ತಿಂಗಳಿಗೆ 75 ರೂಪಾಯಿ ಮಂಜೂರಾಯಿತು. ಗುಮಾಸ್ತಿಕೆಯ ಸಂಬಳದ ಎರಡೂವರೆ ಪಟ್ಟು! ಆರು ವರ್ಷದ ಹಿಂದೆ ಫೇಲ್ ಮಾಡಿದ ವಿಶ್ವವಿದ್ಯಾಲಯವೇ ಅವರನ್ನು ಸಂಶೋಧಕರೆಂದು ಕರೆಯಿತು.

1914ರ ಮಾರ್ಚ್ 17ರಂದು ಅವರು ಹಡಗು ಹತ್ತಿದರು. ಟ್ರಿನಿಟಿಯಲ್ಲಿ ಸಂಶೋಧನೆ ಮಾಡಿ 1916ರಲ್ಲಿ ಕೇಂಬ್ರಿಡ್ಜಿನ ಬಿ.ಎ. ಪಡೆದರು. 1918ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದರು. ಅದೇ ವರ್ಷ ಟ್ರಿನಿಟಿ ಕಾಲೇಜಿನ ಫೆಲೋ ಆದ ಮೊದಲ ಭಾರತೀಯರೂ ಆದರು. ಆದರೆ ಯುದ್ಧಕಾಲದ ಇಂಗ್ಲೆಂಡಿನ ಚಳಿ ಮತ್ತು ಊಟದ ತೊಂದರೆಯ ನಡುವೆ ಆರೋಗ್ಯ ಕೆಟ್ಟಿತ್ತು. 1919ರಲ್ಲಿ ಊರಿಗೆ ಮರಳಿದರು, 1920ರ ಏಪ್ರಿಲ್ 26ರಂದು ಮದ್ರಾಸಿನಲ್ಲಿ ತೀರಿಕೊಂಡರು. ಆಗ ಅವರಿಗೆ 32 ವರ್ಷ.

ಸ್ನೇಹಿತರೇ, ಈ ಕಥೆ ಓದಿ ಅಂಕ ಮುಖ್ಯವಲ್ಲ ಎಂದು ತಿಳಿಯಬೇಡಿ. ಅಂಕ ಹೋದದ್ದಕ್ಕೆ ರಾಮಾನುಜನ್ ಆರು ವರ್ಷ ಬೆಲೆ ಕೊಟ್ಟರು, ಅವರ ಮನೆಯವರೂ ಕೊಟ್ಟರು. ನಾವು ಯಾರೂ ರಾಮಾನುಜನ್ ಅಲ್ಲ ಎಂಬುದೂ ನಿಜ. ಆದರೆ ಎಸ್ಸೆಸ್ಸೆಲ್ಸಿಯಲ್ಲೋ ಫಸ್ಟ್ ಪಿಯುಸಿಯಲ್ಲೋ ಅಂಕ ಕಡಿಮೆ ಬಂತೆಂದು ದೊಡ್ಡ ವಿಶ್ವವಿದ್ಯಾಲಯದ ಅರ್ಜಿಯನ್ನೇ ಮುಟ್ಟದವರು ನಮ್ಮಲ್ಲಿ ಇದ್ದಾರೆ. ಅವರು ರಾಮಾನುಜನ್ ಅವರ ಅರ್ಜಿಗಳನ್ನು ನೆನಪಿಸಿಕೊಳ್ಳಲಿ. ಓದು ಎಲ್ಲಿ ನಿಂತಿತೆಂದು ಅವರು ನೇರವಾಗಿ ಹೇಳಿದರು, ಅದರ ಪಕ್ಕದಲ್ಲಿ ಮಾಡಿದ ಕೆಲಸವನ್ನು ಇಟ್ಟರು, ತಮ್ಮನ್ನು ಬಲ್ಲ ಗುರುಗಳಿಂದ ಪತ್ರ ಕೇಳಿದರು. ಇಬ್ಬರಿಂದ ಏನೂ ಆಗದಿದ್ದಾಗ ಮೂರನೆಯವರಿಗೆ ಬರೆದರು. ಇಷ್ಟು ಮಾಡುವುದಕ್ಕೆ ಮಹಾ ಪ್ರತಿಭೆ ಬೇಕಿಲ್ಲ. ಅರ್ಜಿಯ ಕೊನೆಯ ದಿನಾಂಕ ಮೀರುವ ಮೊದಲು ಇಷ್ಟನ್ನಾದರೂ ಮಾಡೋಣ.