ಬೇಗಂ ಜಹಾನಾರಾ ಷಾ ನವಾಜ್

ಲಾಹೋರಿನ ಹೊರವಲಯದಲ್ಲಿ ಬಾಗ್‌ಬಾನ್‌ಪುರ ಎಂಬ ಊರಿದೆ. ಮೊಗಲರ ಕಾಲದ ಷಾಲಿಮಾರ್ ಉದ್ಯಾನವನ್ನು ತಲೆತಲಾಂತರದಿಂದ ನೋಡಿಕೊಂಡು ಬಂದ ಮಿಯಾ ಮನೆತನ ಆ ಊರಿನದು. ವಕೀಲರು, ನ್ಯಾಯಾಧೀಶರು, ಶಾಸನಸಭೆಯ ಸದಸ್ಯರು ಆ ಮನೆತನದಲ್ಲಿ ಬೇಕಾದಷ್ಟು ಮಂದಿ ಆಗಿಹೋದರು. ನಾನು ಇಲ್ಲಿ ಹೇಳಹೊರಟಿರುವುದು ಆ ಗಂಡಸರ ಕಥೆಯನ್ನಲ್ಲ. ಆ ಮನೆಯ ಮಗಳೊಬ್ಬರ ಜೀವನವನ್ನು.

ಜಹಾನಾರಾ ಹುಟ್ಟಿದ್ದು 1896ರಲ್ಲಿ. ತಂದೆ ಸರ್ ಮಹಮ್ಮದ್ ಷಫಿ ಹೆಸರಾಂತ ಬ್ಯಾರಿಸ್ಟರರು, ಮುಸ್ಲಿಂ ಲೀಗಿನ ಅಧ್ಯಕ್ಷರಾಗಿದ್ದವರು, ವೈಸರಾಯರ ಕಾರ್ಯಕಾರಿ ಮಂಡಲಿಯಲ್ಲಿ ಸದಸ್ಯರಾಗಿದ್ದವರು. ಪತಿ ಮಿಯಾ ಷಾ ನವಾಜರೂ ವಕೀಲರು, ರಾಜಕಾರಣಿ. ಇಂಥ ಮನೆಯಲ್ಲಿ ಹೆಂಗಸರು ಪರದೆಯ ಹಿಂದೆ ಕುಳಿತು ರಾಜಕೀಯವನ್ನು ಕೇಳಿಸಿಕೊಂಡರೆ ಸಾಕು ಎಂಬುದು ಅಂದಿನ ವಾಡಿಕೆ. ಆಕೆಗೆ ಅದು ಸಾಕಾಗಲಿಲ್ಲ. 1918ರಲ್ಲಿ ಮುಸ್ಲಿಂ ಮಹಿಳೆಯರ ಸಮ್ಮೇಳನದಲ್ಲಿ ಬಹುಪತ್ನೀತ್ವದ ವಿರುದ್ಧ ನಿರ್ಣಯವೊಂದನ್ನು ಮುಂದಿಟ್ಟು ಅಂಗೀಕಾರ ಮಾಡಿಸಿದರು. ಆಗ ಆಕೆಯ ವಯಸ್ಸು 22.

1930ರ ನವೆಂಬರಿನಲ್ಲಿ ಲಂಡನ್ನಿನಲ್ಲಿ ಮೊದಲನೆಯ ದುಂಡುಮೇಜಿನ ಪರಿಷತ್ತು ಸೇರಿತು. ತಂದೆ ಮಗಳಿಬ್ಬರೂ ಅದರಲ್ಲಿ ಪ್ರತಿನಿಧಿಗಳು. ಭಾರತದಿಂದ ಹೋದ ಆ ದೊಡ್ಡ ತಂಡದಲ್ಲಿ ಹೆಂಗಸರು ಇಬ್ಬರೇ. ಒಬ್ಬರು ಜಹಾನಾರಾ, ಮತ್ತೊಬ್ಬರು ರಾಧಾಬಾಯಿ ಸುಬ್ಬರಾಯನ್. ಈ ರಾಧಾಬಾಯಿಯವರು ಯಾರೆಂದು ನಮ್ಮ ವಾಚಕರಲ್ಲಿ ಅನೇಕರಿಗೆ ತಿಳಿಯದಿರಬಹುದು. ದಲಿತರ ಏಳಿಗೆಗಾಗಿ ದುಡಿದ ಮಂಗಳೂರಿನ ಕುದ್ಮುಲ್ ರಂಗರಾಯರ ಮಗಳು ಅವರು. ಲಾಹೋರಿನ ಮಗಳೂ ಮಂಗಳೂರಿನ ಮಗಳೂ ಒಟ್ಟಿಗೆ ಕುಳಿತು ಹೆಂಗಸರಿಗೆ ಮತದ ಹಕ್ಕು ಬೇಕೆಂದೂ, ಕೆಲವು ಕಾಲವಾದರೂ ಶಾಸನಸಭೆಗಳಲ್ಲಿ ಸ್ಥಾನಗಳನ್ನು ಕಾದಿರಿಸಬೇಕೆಂದೂ ವಾದಿಸಿದರು. ಇತ್ತ ಭಾರತದಲ್ಲಿ ಮಹಿಳಾ ಸಂಘಗಳಿಗೇ ಇದು ಹಿಡಿಸಲಿಲ್ಲ. ಸಮಾನತೆ ಸಾಕು, ವಿಶೇಷ ಸವಲತ್ತು ಬೇಡ ಎಂದು ಅವು ಪಟ್ಟು ಹಿಡಿದವು. ಕೇಳುವುದಕ್ಕೆ ಇದು ಗಂಭೀರವಾದ ಮಾತು. ಆದರೆ ಗಂಡಸರೇ ತುಂಬಿದ ಸಭೆಗೆ ಬಾಗಿಲು ತೆರೆದಿಟ್ಟ ಮಾತ್ರಕ್ಕೆ ಹೆಂಗಸರು ಒಳಗೆ ಬರುವುದಾಗುತ್ತಿತ್ತೆ? ಆ ಇಬ್ಬರ ಲೆಕ್ಕಾಚಾರವೇ ಸರಿಯೆಂದು ನನಗೆ ತೋರುತ್ತದೆ.

ಮೂರು ಪರಿಷತ್ತುಗಳಿಗೂ ಜಹಾನಾರಾ ಹೋದರು. 1935ರ ಕಾಯಿದೆಯಲ್ಲಿ ಸುಮಾರು 60 ಲಕ್ಷ ಹೆಂಗಸರಿಗೆ ಮತದ ಹಕ್ಕು ದೊರೆಯಿತು. ಮಹಿಳಾ ಸ್ಥಾನಗಳೂ ಬಂದವು. 1937ರಲ್ಲಿ ಆಕೆ ಪಂಜಾಬ್ ಶಾಸನಸಭೆಗೆ ಚುನಾಯಿತರಾಗಿ ವಿದ್ಯಾಭ್ಯಾಸ, ಆರೋಗ್ಯ ಇಲಾಖೆಗಳ ಪಾರ್ಲಿಮೆಂಟರಿ ಕಾರ್ಯದರ್ಶಿಯಾದರು. ಮರುವರ್ಷ ಪತಿ ತೀರಿಕೊಂಡರು.

1941ರಲ್ಲಿ ವೈಸರಾಯರು ರಾಷ್ಟ್ರೀಯ ರಕ್ಷಣಾ ಮಂಡಲಿಯನ್ನು ರಚಿಸಿ ಆಕೆಯನ್ನೂ ಸದಸ್ಯೆಯನ್ನಾಗಿ ಮಾಡಿಕೊಂಡರು. ಲೀಗಿನವರೆಲ್ಲ ಅದನ್ನು ಬಿಡಬೇಕೆಂದು ಜಿನ್ನಾ ಅಪ್ಪಣೆ ಮಾಡಿದರು. ಪ್ರಾಂತಗಳ ಮುಖ್ಯಮಂತ್ರಿಗಳೇ ತಲೆಬಾಗಿ ರಾಜೀನಾಮೆ ಕೊಟ್ಟರು. ಜಹಾನಾರಾ ಕೊಡಲಿಲ್ಲ; ಲೀಗಿನಿಂದ ಹೊರಹಾಕಿಸಿಕೊಂಡರು. ಸರ್ಕಾರದ ಕಡೆಗೆ ವಾಲುವುದು ಆ ಮನೆತನದ ಹಳೆಯ ಚಾಳಿಯೆಂದು ಆಡಿಕೊಳ್ಳಬಹುದು. ಅದರಲ್ಲಿ ನಿಜವೂ ಇಲ್ಲದಿಲ್ಲ. ಆದರೂ ಜಿನ್ನಾ ಅವರಿಗೆ ಇಲ್ಲವೆನ್ನುವುದು ಆ ದಿನಗಳಲ್ಲಿ ಸಣ್ಣ ಕೆಲಸವಾಗಿರಲಿಲ್ಲ. 1946ರಲ್ಲಿ ಆಕೆ ಲೀಗಿಗೆ ಮರಳಿದರು. ಅದೇ ವರ್ಷ ಜಿನ್ನಾ ಅವರೇ ಲೀಗಿನ ಪಕ್ಷವನ್ನು ವಿವರಿಸಲು ಇಸ್ಪಹಾನಿಯವರೊಂದಿಗೆ ಆಕೆಯನ್ನು ಅಮೆರಿಕಕ್ಕೆ ಕಳುಹಿಸಿದರು! 1947ರ ಆರಂಭದಲ್ಲಿ ಪಂಜಾಬಿನ ಖಿಜರ್ ಹಯಾತ್ ಮಂತ್ರಿಮಂಡಲದ ವಿರುದ್ಧ ನಡೆದ ಚಳವಳಿಯಲ್ಲಿ, ಸರ್ ಷಫಿಯವರ ಮಗಳು ಸೆರೆಮನೆಯನ್ನೂ ಕಂಡರು.

ಪಾಕಿಸ್ತಾನದ ಮೊದಲ ರಾಜ್ಯಾಂಗ ಸಭೆಯಲ್ಲಿಯೂ ಹೆಂಗಸರು ಇಬ್ಬರೇ: ಈಕೆ ಮತ್ತು ಷಾಯಿಸ್ತಾ ಇಕ್ರಾಮುಲ್ಲಾ. ಲಂಡನ್ನಿನ ಲೆಕ್ಕ ಕರಾಚಿಯಲ್ಲಿಯೂ ಬದಲಾಗಲಿಲ್ಲ.

ಆಕೆಯ ಕೆಲಸಗಳಲ್ಲಿ ನನಗೆ ಅತ್ಯಂತ ಮುಖ್ಯವಾಗಿ ಕಾಣುವುದು 1948ರದು. ಪಂಜಾಬಿನಲ್ಲಿ ಹೊಲಗದ್ದೆಗಳು ಹೆಣ್ಣುಮಕ್ಕಳಿಗೆ ಬರುತ್ತಿರಲಿಲ್ಲ. ಇಸ್ಲಾಂ ಧರ್ಮಶಾಸ್ತ್ರ ಮಗಳಿಗೆ ಪಾಲು ಕೊಡುತ್ತದೆ. ಪಂಜಾಬಿನ ರೂಢಿ ಕೊಡುತ್ತಿರಲಿಲ್ಲ. 1937ರ ಷರೀಯತ್ ಕಾಯಿದೆಯೂ ವ್ಯವಸಾಯದ ಭೂಮಿಯನ್ನು ಹೊರಗಿಟ್ಟೇ ಬಂದಿತ್ತು. ಧರ್ಮದ ಹೆಸರಿನಲ್ಲಿ ಹೊಸ ರಾಷ್ಟ್ರ ಕಟ್ಟಿದ ಜಮೀನುದಾರರಿಗೆ ಜಮೀನಿನ ವಿಷಯದಲ್ಲಿ ಮಾತ್ರ ರೂಢಿಯೇ ಹಿತವಾಗಿತ್ತು. ಈ ಹಕ್ಕಿನ ಮಸೂದೆಯನ್ನು ಸಭೆಯ ಕಾರ್ಯಕ್ರಮದಿಂದ ಕೈಬಿಟ್ಟಾಗ ಸಾವಿರಾರು ಹೆಂಗಸರು ಲಾಹೋರಿನ ಶಾಸನಸಭೆಯ ಮುಂದೆ ನೆರೆದರು, ಮುಂದಾಳು ಜಹಾನಾರಾ. ಪ್ರಧಾನಿ ಲಿಯಾಖತ್ ಆಲಿಖಾನರು ನಡುವೆ ಬಂದರು, ಕಾಯಿದೆಯಾಯಿತು. ಹೆಣ್ಣುಮಗಳಿಗೆ ಉಳುವ ನೆಲದಲ್ಲಿ ಪಾಲು ಬಂತು.

ಅದೇ ವರ್ಷದ ಏಪ್ರಿಲ್ ತಿಂಗಳಲ್ಲಿ ಹಿರಿಯ ಮಗಳು ಮುಮ್ತಾಜ್ ಅಮೆರಿಕಕ್ಕೆ ಹೋಗುವಾಗ ಐರ್ಲೆಂಡಿನ ಷಾನನ್ ಬಳಿ ವಿಮಾನ ಬಿದ್ದು ಸತ್ತಳು. ತಾಯಿಯ ಜೊತೆ ಚಳವಳಿಯಲ್ಲಿ ನಿಂತಿದ್ದ ಹುಡುಗಿ. ಒಂದು ಕಾದಂಬರಿಯನ್ನು ಬರೆದಿಟ್ಟಿದ್ದಳು. ಅದು ಅಚ್ಚಾದದ್ದು ಆಕೆಯ ಮರಣಾನಂತರ.

ಜಹಾನಾರಾ ಸಭೆಗೆ ಹೋಗುವುದನ್ನು ಬಿಡಲಿಲ್ಲ. ಸಮಾನ ಕೆಲಸಕ್ಕೆ ಸಮಾನ ವೇತನ, ಶಾಸನಸಭೆಗಳಲ್ಲಿ ಶೇಕಡಾ 3 ಸ್ಥಾನ, ಇವೇ ಮೊದಲಾದವು ಸೇರಿದ ಮಹಿಳೆಯರ ಹಕ್ಕುಗಳ ಸನ್ನದನ್ನು ಆಕೆ ಮಂಡಿಸಿದರು. 1954ರ ಅಕ್ಟೋಬರಿನಲ್ಲಿ ಗವರ್ನರ್ ಜನರಲ್ ಗುಲಾಂ ಮಹಮ್ಮದರು ರಾಜ್ಯಾಂಗ ಸಭೆಯನ್ನೇ ವಿಸರ್ಜಿಸಿಬಿಟ್ಟರು. 1956ರ ಸಂವಿಧಾನದಲ್ಲಿ ಹೆಂಗಸರಿಗೆಂದು 10 ಸ್ಥಾನಗಳು ಬಂದವು. ಆದರೆ ಅದರಂತೆ ಚುನಾವಣೆ ನಡೆಯುವ ಮೊದಲೇ, 1958ರಲ್ಲಿ, ಸೈನಿಕ ಆಡಳಿತ ಬಂತು. ವಯಸ್ಕರೆಲ್ಲ ಮತ ಹಾಕಿ ರಾಷ್ಟ್ರೀಯ ಸಭೆಯನ್ನು ಆರಿಸಿದ್ದು 1970ರಲ್ಲಿ. ಲಂಡನ್ನಿನಲ್ಲಿ ಮತದ ಹಕ್ಕು ಕೇಳಿ ಬಂದಾಕೆಗೆ ಆಗ 74 ವರ್ಷ.

ಆ ರಾಷ್ಟ್ರೀಯ ಸಭೆಯಲ್ಲಿ ಕಿರಿಯ ಮಗಳು ನಸೀಂ ಜಹಾನ್ ಸದಸ್ಯೆಯಾಗಿ ಕುಳಿತರು. 1971ರಲ್ಲಿ ಜಹಾನಾರಾ ತಮ್ಮ ರಾಜಕೀಯ ಆತ್ಮಕಥೆಯನ್ನು ಪ್ರಕಟಿಸಿ ಅದಕ್ಕೆ ತಂದೆ ಮತ್ತು ಮಗಳು ಎಂದು ಹೆಸರಿಟ್ಟರು. 1979ರ ನವೆಂಬರಿನಲ್ಲಿ ತೀರಿಕೊಂಡರು.