ಟ್ಯೂರಿಂಗ್ ಮಷೀನ್ ಗೊತ್ತು, ಟ್ಯೂರಿಂಗ್ ಗೊತ್ತೇ?

ಕಂಪ್ಯೂಟರ್ ಸೈನ್ಸ್ ಓದುವ ನಮಗೆಲ್ಲ ಆಟೊಮಾಟಾ ಥಿಯರಿ ಎಂದರೆ ಕಬ್ಬಿಣದ ಕಡಲೆ. ಅದರಲ್ಲಿ ಬರುವ ಟ್ಯೂರಿಂಗ್ ಮಷೀನನ್ನು ಪರೀಕ್ಷೆಯ ಹಿಂದಿನ ರಾತ್ರಿ ಉರು ಹೊಡೆಯುತ್ತೇವೆ. ಆದರೆ ಆ ಹೆಸರಿನ ಹಿಂದಿನ ಮನುಷ್ಯನ ಕಥೆ ಸಿಲಬಸ್‌ನಲ್ಲಿಲ್ಲ.

ಅಲನ್ ಟ್ಯೂರಿಂಗ್ ಹುಟ್ಟಿದ್ದು 1912ರ ಜೂನ್ 23ರಂದು, ಲಂಡನ್ನಿನಲ್ಲಿ. ತಂದೆ ಮದ್ರಾಸ್ ಪ್ರಾಂತ್ಯದಲ್ಲಿ ಐಸಿಎಸ್ ಅಧಿಕಾರಿ. ಹೆತ್ತವರು ಭಾರತದಲ್ಲಿದ್ದಾಗ ಅಲನ್ ಮತ್ತು ಅವರ ಅಣ್ಣ ಇಂಗ್ಲೆಂಡಿನಲ್ಲಿ ಬೇರೆಯವರ ಮನೆಯಲ್ಲಿ ಬೆಳೆದರು. ಶಾಲೆಯಲ್ಲಿ ಕ್ರಿಸ್ಟೋಫರ್ ಮಾರ್ಕಮ್ ಎಂಬ ಹುಡುಗ ಜೊತೆಯಾದ. ಅಲನ್‌ಗೆ ಅದು ಮೊದಲ ಪ್ರೀತಿ. 1930ರಲ್ಲಿ ಕ್ರಿಸ್ಟೋಫರ್ ಕ್ಷಯದಿಂದ ತೀರಿಕೊಂಡ. ಆ ನೋವನ್ನು ಎದೆಯಲ್ಲಿಟ್ಟುಕೊಂಡೇ ಅಲನ್ ಕೇಂಬ್ರಿಜ್ ಸೇರಿದರು. ಕ್ರಿಸ್ಟೋಫರ್‌ನ ತಾಯಿಗೆ ವರ್ಷಗಟ್ಟಲೆ ಪತ್ರ ಬರೆಯುತ್ತಿದ್ದರು.

1936ರಲ್ಲಿ, 23ರ ವಯಸ್ಸಿನಲ್ಲಿ, ಇಂದಿನ ಕಂಪ್ಯೂಟರ್‌ಗೆ ಬುನಾದಿಯಾದ ಪ್ರಬಂಧ ಬರೆದರು. ಎರಡನೇ ಮಹಾಯುದ್ಧದಲ್ಲಿ ಬ್ಲೆಚ್ಲಿ ಪಾರ್ಕ್‌ನಲ್ಲಿ ಕುಳಿತು ಜರ್ಮನ್ ನೌಕಾಪಡೆಯ ಎನಿಗ್ಮಾ ಸಂಕೇತಗಳನ್ನು ಭೇದಿಸಿದ ತಂಡವನ್ನು ಮುನ್ನಡೆಸಿದರು. ಅದು ಗುಟ್ಟಿನ ಕೆಲಸ. ಅವರು ಬದುಕಿದ್ದಷ್ಟು ದಿನ ಜಗತ್ತಿಗೆ ತಿಳಿಯಲೇ ಇಲ್ಲ. 1950ರಲ್ಲಿ, ಯಂತ್ರಗಳು ಯೋಚಿಸಬಲ್ಲವೇ ಎಂದು ಕೇಳಿದ ಅವರ ಪ್ರಬಂಧದ ಸುತ್ತಲೇ ಇಂದಿನ ಎಐ ಚರ್ಚೆಗಳೂ ಸುತ್ತುತ್ತಿವೆ.

1952ರ ಆರಂಭದಲ್ಲಿ ಅವರ ಮನೆಯಲ್ಲಿ ಕಳ್ಳತನವಾಯಿತು. ದೂರು ಕೊಡಲು ಹೋದ ಟ್ಯೂರಿಂಗ್, ವಿಚಾರಣೆ ವೇಳೆ ತಮಗೊಬ್ಬ ಪುರುಷನ ಜೊತೆ ಸಂಬಂಧವಿದೆ ಎಂಬುದನ್ನು ಮುಚ್ಚಿಡಲಿಲ್ಲ. ದೂರುದಾರನೇ ಆರೋಪಿಯಾದ. 1885ರ ಕಾನೂನಿನಡಿ ಶಿಕ್ಷೆಯಾಯಿತು. ಜೈಲೋ, ಹಾರ್ಮೋನ್ 'ಚಿಕಿತ್ಸೆ'ಯೋ ಎಂಬ ಆಯ್ಕೆ ಮುಂದಿತ್ತು. ಅವರು ಎರಡನೆಯದನ್ನು ಒಪ್ಪಿ ಒಂದು ವರ್ಷ ಈಸ್ಟ್ರೊಜೆನ್ ತೆಗೆದುಕೊಂಡರು. ದೇಹ ಬದಲಾಯಿತು. ಸರ್ಕಾರದ ಗುಪ್ತ ಕೆಲಸದ ಬಾಗಿಲೂ ಮುಚ್ಚಿತು.

ಆದರೂ ಅವರು ಸಂಶೋಧನೆ ಬಿಡಲಿಲ್ಲ. ಮನೋಚಿಕಿತ್ಸಕರೊಬ್ಬರ ಬಳಿ ಮನಸ್ಸು ಬಿಚ್ಚಿ ಮಾತನಾಡಿದರು, ಅವರ ಮನೆಯವರಿಗೂ ಗೆಳೆಯರಾದರು. 1954ರ ಜೂನ್ 7ರಂದು, ಇನ್ನೂ 41ರ ವಯಸ್ಸಿನಲ್ಲಿ ತೀರಿಕೊಂಡರು. ಅಧಿಕೃತ ವಿಚಾರಣೆ ಅದನ್ನು ಆತ್ಮಹತ್ಯೆ ಎಂದಿತು. ಅದು ಆಕಸ್ಮಿಕವೆಂದೇ ತಾಯಿ ಕೊನೆಯವರೆಗೂ ನಂಬಿದ್ದರು. ಸಾವಿಗೆ ಒಂದೇ ಕಾರಣ ಹೇಳುವುದು ಸರಿಯಲ್ಲ. ಆದರೆ ಕಾಯಿಲೆಯೇ ಅಲ್ಲದ್ದಕ್ಕೆ ಮದ್ದು ಕೊಟ್ಟದ್ದಂತೂ ನಿಜ.

ಬ್ರಿಟನ್ ಸರ್ಕಾರ 2009ರಲ್ಲಿ ಕ್ಷಮೆ ಕೇಳಿತು. 2013ರಲ್ಲಿ ರಾಣಿ ಕ್ಷಮಾದಾನ ಕೊಟ್ಟರು. 2021ರಿಂದ 50 ಪೌಂಡಿನ ನೋಟಿನ ಮೇಲೆ ಅವರ ಚಿತ್ರವಿದೆ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಸಲಿಂಗಪ್ರೇಮವನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆದಿತ್ತು. ಬ್ರಿಟಿಷರು ನಮಗೆ ಬಿಟ್ಟುಹೋಗಿದ್ದ 377ನೇ ಸೆಕ್ಷನ್ನಿನ ಕುಣಿಕೆಯನ್ನು ನಮ್ಮ ಸುಪ್ರೀಂ ಕೋರ್ಟ್ 2018ರಲ್ಲಿ ಸಡಿಲಿಸಿತು.

ಕಾನೂನು ಬದಲಾದರೂ ಹಾಸ್ಟೆಲ್ ರೂಮಿನ ಜೋಕುಗಳು ಬದಲಾಗಿಲ್ಲ. ಸಲಿಂಗಿಗಳು, ಟ್ರಾನ್ಸ್‌ಜೆಂಡರ್ ಯುವಜನರಲ್ಲಿ ಖಿನ್ನತೆ, ಆತಂಕ ಉಳಿದವರಿಗಿಂತ ಹೆಚ್ಚು ಎಂದು ಹಲವು ದೇಶಗಳ ಅಧ್ಯಯನಗಳು ಹೇಳುತ್ತವೆ. ಇದು ಅವರ ಹುಟ್ಟಿನ ದೋಷವಲ್ಲ. ಗೇಲಿ, ಭಯ, ಸದಾ ಮುಚ್ಚಿಡಬೇಕಾದ ಒತ್ತಡ ದಿನದಿನವೂ ಸೇರಿ ಆಗುವ ಭಾರ ಅದು. ಮನೆಯಲ್ಲಿ, ಸ್ನೇಹಿತರಲ್ಲಿ ಒಪ್ಪುವವರಿದ್ದರೆ ಆ ಭಾರ ಇಳಿಯುತ್ತದೆ ಎಂಬುದೂ ಅದೇ ಅಧ್ಯಯನಗಳಲ್ಲಿದೆ.

ಗೆಳೆಯರೇ, ನಮ್ಮ ಕ್ಲಾಸಿನಲ್ಲೂ ಅಂಥವರೊಬ್ಬರು ಸುಮ್ಮನೆ ಕುಳಿತಿರಬಹುದು. ಅವರು ನಂಬಿ ಹೇಳಿಕೊಂಡರೆ ಕೇಳೋಣ, ಇನ್ನೊಬ್ಬರ ಕಿವಿಗೆ ಹಾಕುವುದು ಬೇಡ. ಮನಸ್ಸು ತೀರಾ ಕುಗ್ಗಿದವರಿಗೆ ಸರ್ಕಾರದ ಉಚಿತ ಟೆಲಿ ಮನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೇ ಮಾತನಾಡಬಹುದು.